ಹಾಡಿದವಳನ್ನು ಆಡಿದಳೆಂದು ಇಳಿಸಿದ ಸಂಜೆ

ಸೇಲಂ ಪಟ್ಟಣದ ನಮ್ಮ ಭಾಗದ ಶಾಂತಿಯನ್ನು ಎರಡೂ ಕಿವಿಗಳಿಂದ ಕಾಯುತ್ತಿರುವ ಮಾನ್ಯ ಠಾಣಾಧಿಕಾರಿಗಳೇ,

ಕಳೆದ ಆಷಾಢದ, ತಮ್ಮ ಲೆಕ್ಕದ ಆಡಿ ತಿಂಗಳ, ಅಮಾವಾಸ್ಯೆಯ ಸಂಜೆ ತಾವು ನಮ್ಮ ನೇಕಾರರ ಬೀದಿಗೆ ದಯಮಾಡಿಸಿ, ಕುರ್ಚಿಯ ಮೇಲೆ ಕೂತು ಹಾಡುತ್ತಿದ್ದ ಚೆಲ್ಲಮ್ಮ ಎಂಬ ಎಪ್ಪತ್ತು ದಾಟಿದ ಹೆಂಗಸನ್ನು, ಡ್ಯಾನ್ಸ್ ಆಡಿದಳೆಂಬ ಆರೋಪದ ಮೇಲೆ ವೇದಿಕೆಯಿಂದ ಇಳಿಸಿದಿರಿ. ಶಕ್ತಿವೇಲನ ಪಂಬೆ ಎಂಬ ಜೋಡಿ ಚರ್ಮವಾದ್ಯವನ್ನು ಜೀಪಿಗೆ ಹಾಕಿಕೊಂಡಿರಿ. ಇನ್ನು ಮೇಲೆ ಈ ಬೀದಿಯಲ್ಲಿ ಇಂಥ ಸಂಜೆಗಳಿಗೆ ಅನುಮತಿ ಇಲ್ಲ ಎಂದು ನಮ್ಮದೇ ಮೈಕಿನಲ್ಲಿ ಘೋಷಿಸಿದಿರಿ. ಚೆಲ್ಲಮ್ಮನ ಎಡ ಮೊಣಕಾಲು ಮಡಿಸಲು ಬಾರದೆ ವರ್ಷಗಳೇ ಕಳೆದಿವೆ. ಕುರ್ಚಿಯಿಂದ ಏಳಿಸಲು ಇಬ್ಬರು ಬೇಕು. ಆಕೆ ನಿಜವಾಗಿ ಕುಣಿದಿದ್ದರೆ ತಾವು ಹಿಡಿಯಬೇಕಾಗಿದ್ದುದು ಆಕೆಯನ್ನಲ್ಲ, ಆಕೆಗೆ ಮುಲಾಮು ಕೊಟ್ಟ ವೈದ್ಯರನ್ನು. ಹಿಡಿದು, ಒಂದು ಶಾಲು ಹೊದಿಸಬೇಕಾಗಿತ್ತು. ತಿಂಗಳ ಹೆಸರೇ ‘ಆಡಿ’ ಆಗಿತ್ತಲ್ಲ, ಅದರ ಮೇಲೆ ಕ್ರಮ ಜರುಗಿಸದೆ ಬಿಟ್ಟಿರಿ ಎಂಬುದಷ್ಟೇ ನಮಗೆ ಉಳಿದ ಸಮಾಧಾನ.

ಈ ಪತ್ರದ ತಮಿಳು ಪ್ರತಿಯನ್ನು ತಮ್ಮ ಠಾಣೆಯಲ್ಲಿ ಕೊಟ್ಟಿದ್ದೇನೆ. ಹಾಗಿದ್ದ ಮೇಲೆ ಕನ್ನಡದಲ್ಲಿ ಇನ್ನೊಂದು ಯಾಕೆ ಎಂದು ತಾವು ಕೇಳಬಹುದು. ನಿಜ ಹೇಳಬೇಕೆಂದರೆ ನಮ್ಮ ಬೀದಿಯಲ್ಲಿ ಕನ್ನಡವನ್ನು ಬರೆಯುವವರು ಇಲ್ಲ. ಅದು ಮನೆಯಲ್ಲಿ ಬೈಯಲಿಕ್ಕೆ, ಬೈದ ಮೇಲೆ ಊಟಕ್ಕೆ ಕರೆಯಲಿಕ್ಕೆ ಮಾತ್ರ ಇರುವ ಭಾಷೆ. ನಾನು ಅಕ್ಷರ ಕಲಿತದ್ದೇ ಮದುವೆಯಾಗಿ ಮೈಸೂರಿನಿಂದ ಬಂದ ಮಾಲತಿ ಅತ್ತಿಗೆಯಿಂದ. ಈ ಪತ್ರವನ್ನೂ ಅವರೇ ತಿದ್ದಿದ್ದಾರೆ. ನಾನು ಬಿಟ್ಟ ‘ಹ’ಗಳನ್ನೆಲ್ಲ ಹೆಕ್ಕಿ ಮತ್ತೆ ಅಂಟಿಸಿದ್ದಾರೆ. ಆದರೂ ಕನ್ನಡದಲ್ಲಿ ಬರೆಯಲೇಬೇಕಾಯಿತು. ಅಪರಾಧ ನಡೆದದ್ದು ಕನ್ನಡದಲ್ಲಿ. ವಿಚಾರಣೆಯೂ ಅದೇ ಭಾಷೆಯಲ್ಲಿ ಆಗಬೇಡವೇ?

ತಮಗೆ ಗೊತ್ತಿರಲಿ ಎಂದು ಹೇಳುತ್ತೇನೆ: ಅಮಾವಾಸ್ಯೆ ನೇಕಾರನ ರಜೆ. ಆವತ್ತು ಮಗ್ಗ ಮುಟ್ಟುವುದಿಲ್ಲ. ಉಳಿದ ದಿನಗಳಲ್ಲಿ ನಮ್ಮ ಬೀದಿಯ ಕೈಮಗ್ಗಗಳ ಸದ್ದು, ಅದರ ಆಚೆ ಪವರ್‌ಲೂಮ್ ಶೆಡ್ಡುಗಳ ಸದ್ದು ಸೇರಿ ಗಂಡ ಹೆಂಡತಿಯ ಜಗಳವೂ ಸನ್ನೆಯಲ್ಲೇ ನಡೆಯುತ್ತದೆ. ಆ ಸದ್ದಿನ ಮೇಲೆ ಈವರೆಗೆ ಯಾರೂ ದೂರು ಕೊಟ್ಟಿಲ್ಲ. ಕೊಟ್ಟರೂ ಅದು ಉದ್ಯಮ, ಉದ್ಯಮಕ್ಕೆ ಶಬ್ದ ಮಾಡುವ ಹಕ್ಕಿದೆ. ತಿಂಗಳಲ್ಲಿ ಆ ಒಂದು ಸಂಜೆ ಮಾತ್ರ ಬೀದಿಗೆ ತನ್ನ ದನಿ ತನಗೆ ಕೇಳಿಸುತ್ತದೆ. ಹಾಗಾಗಿ ಆವತ್ತು ಹಾಡುತ್ತೇವೆ. ಮೋಹನ್‌ರಾಜ್ ಕೀಬೋರ್ಡು, ಶಕ್ತಿವೇಲ್ ಪಂಬೆ, ಹುಡುಗ ಹುಡುಗಿಯರು ತಮಿಳು ಪಾಟ್ಟು, ಅದಕ್ಕೆ ಕುಣಿತ, ಕೊನೆಗೆ ಚೆಲ್ಲಮ್ಮನ ಕನ್ನಡ ಹಾಡು. ಮೈಕ್ ನನ್ನ ಕೈಯಲ್ಲಿ. ರಾತ್ರಿ ಊಟದ ಹೊತ್ತಿಗೆಲ್ಲ ಮುಗಿಸಿ ಚಾಪೆ ಮಡಿಸುತ್ತೇವೆ. ಇಂಥ ಒಂದು ದಿನದ ಮೇಲೆ ಗದ್ದಲದ ದೂರು ಬಂದಿತೆಂದು ತಾವು ಹೇಳಿದಿರಿ. ಯಾರೋ ಫೋನ್ ಮಾಡಿದರಂತೆ. ಉಳಿದ ದಿನ ಆ ಪುಣ್ಯಾತ್ಮರು ಫೋನ್ ಮಾಡಿದ್ದರೂ ಮಗ್ಗದ ಸದ್ದಿನಲ್ಲಿ ಅವರ ಮಾತು ತಮಗೆ ಕೇಳಿಸಿರಲಾರದು.

ಅರ್ಜಿಯನ್ನು ನಾವು ಕ್ರಮವಾಗಿಯೇ ಕೊಟ್ಟಿದ್ದೆವು. ‘ಆಡಲ್ ಪಾಡಲ್’ ಕಾರ್ಯಕ್ರಮ ಎಂದು ಬರೆದಿದ್ದೆವು. ತಮಿಳಿನಲ್ಲಿ ಕುಣಿತಕ್ಕೂ ಹಾಡಿಗೂ ಸೇರಿ ಅದೇ ಹೆಸರು. ತಾವು ‘ಆಡಲ್’ ಮೇಲೆ ಕೆಂಪು ಗೆರೆ ಎಳೆದು ‘ಪಾಡಲ್’ ಮಾತ್ರ ಉಳಿಸಿದಿರಿ. ಕುಣಿತದಿಂದ ಜಗಳವಾಗುತ್ತದೆ, ಹಾಡಿನಿಂದ ಆಗುವುದಿಲ್ಲ ಎಂಬ ತಮ್ಮ ಸಿದ್ಧಾಂತವನ್ನು ನಾನು ಗೌರವಿಸುತ್ತೇನೆ; ಮೋಹನ್‌ರಾಜ್ ಹಾಡುವುದನ್ನು ತಾವು ಕೇಳಿಲ್ಲ. ಇರಲಿ. ಅಪ್ಪಣೆಯಂತೆ ಹುಡುಗಿಯರು ಗೆಜ್ಜೆ ಬಿಚ್ಚಿಟ್ಟರು. ಯಾರೂ ಕುಣಿಯಲಿಲ್ಲ. ತಾವು ಬಂದಾಗ ಬೀದಿಯಲ್ಲಿ ನಡೆಯುತ್ತಿದ್ದುದು ಇಷ್ಟೇ: ಚೆಲ್ಲಮ್ಮ ಕಣ್ಣು ಮುಚ್ಚಿ ಹಾಡುತ್ತಿದ್ದಳು, ಪಕ್ಕದಲ್ಲಿ ಆಕೆಯ ಮೊಮ್ಮಗಳು ಕಾರ್ತಿಕಾ ತುಟಿ ಅಲ್ಲಾಡಿಸುತ್ತ ಕಲಿಯುತ್ತಿದ್ದಳು.

ಆಮೇಲೆ ನಡೆದದ್ದನ್ನು ತಾವು ಒಂದು ತರ ನೆನಪಿಟ್ಟಿರುತ್ತೀರಿ. ನಾನು ಪಕ್ಕದಲ್ಲೇ ಇದ್ದೆ, ಕೇಳಿದಂತೆ ಬರೆಯುತ್ತೇನೆ. ತಾವು ವೇದಿಕೆಯ ಮುಂದೆ ನಿಂತು, “ಎನ್ನಮ್ಮಾ ಪಣ್ಣುರೀಂಗ?” ಎಂದು ಗದರಿದಿರಿ. ಏನು ಮಾಡುತ್ತಿದ್ದೀಯ ಎಂದು ಖಾಕಿ ಬಟ್ಟೆ ಕೇಳಿದರೆ ಎಪ್ಪತ್ತು ವರ್ಷ ಸೇಲಂನಲ್ಲಿ ಬಾಳಿದವಳಿಗೂ ತಮಿಳು ಮರೆತುಹೋಗುತ್ತದೆ. ಆಕೆ ಎರಡೂ ಕೈ ಮುಗಿದು ಹೇಳಿದಳು:

“ಆಡ್ತಾ ಇವ್ನಿ ಸಾಮಿ. ಇನ್ನೊಂದೇ ಒಂದ್ ಐತೆ, ಆಡ್ಬುಟ್ಟು ಎದ್ದೋಯ್ತೀನಿ.”

ತಾವು ಹಿಂದೆ ನಿಂತಿದ್ದ ಪೇದೆಯ ಕಡೆ ತಿರುಗಿ ವಿಜಯದ ದನಿಯಲ್ಲಿ, “ಪಾತ್ತಿಯಾ? ಆಡುರಾಂಗಳಾಂ! ಇನ್ನೊಣ್ಣು ವೇರ ಆಡುವಾಂಗಳಾಂ!” ಎಂದಿರಿ. ನೋಡಿದೆಯಾ, ಡ್ಯಾನ್ಸ್ ಮಾಡುತ್ತಿದ್ದಾಳಂತೆ, ಸಾಲದ್ದಕ್ಕೆ ಇನ್ನೊಂದು ಬೇರೆ ಮಾಡುತ್ತಾಳಂತೆ! ನಾನು ಓಡಿ ಬಂದು, “ಸಾರ್, ಅದು ಕನ್ನಡ ಸಾರ್, ಪಾಡುತ್ತಿದ್ದೇನೆ ಅಂತ ಅರ್ಥ” ಎಂದು ತಮಿಳಿನಲ್ಲಿ ವಿವರಿಸಿದೆ.

“ನೀ ಯಾರುಡಾ? ಟ್ರಾನ್ಸ್‌ಲೇಟರಾ?”

“ಇಲ್ಲ ಸಾರ್, ಮೈಕ್ ಸೆಟ್.”

ಜನ ನಕ್ಕರು. ನಕ್ಕದ್ದು ನನಗೇ ಮುಳುವಾಯಿತು. ನಾನು ಚೇಷ್ಟೆಗೆ ಹೆಸರಾದವನು; ಈ ಬೀದಿಯಲ್ಲಿ ನಾನು ಸತ್ಯ ಹೇಳಿದರೂ ಜನ ಮೊದಲು ನಗುತ್ತಾರೆ, ಆಮೇಲೆ ಬಾಗಿಲ ಹಿಂದೆ ಏನಾದರೂ ಇದೆಯೇ ಎಂದು ನೋಡುತ್ತಾರೆ. ತಾವೂ ಹಾಗೆಯೇ ತಿಳಿದಿರಿ. ಆರೋಪಿಯ ಬಾಯಿಂದಲೇ ತಪ್ಪೊಪ್ಪಿಗೆ ಸಿಕ್ಕಿದ ಮೇಲೆ ಸಾಕ್ಷಿಗೆಂದು ಆಕೆಯ ಕಾಲು ನೋಡುವ ಅಗತ್ಯವಾದರೂ ಏನು?

ಈಗ ಆ ಒಂದು ಅಕ್ಷರದ ವಿಚಾರಕ್ಕೆ ಬರೋಣ. ತಮಿಳಿನ ‘ಪಾಡು’ ಎಂಬುದನ್ನು ಬಹಳ ಹಿಂದೆ ಕನ್ನಡದವರೂ ಪಾಡು ಎಂದೇ ಅನ್ನುತ್ತಿದ್ದರಂತೆ. ಕ್ರಮೇಣ ‘ಪ’ ಹೋಗಿ ‘ಹಾಡು’ ಆಯಿತು ಎಂದು ಮಾಲತಿ ಅತ್ತಿಗೆ ಹೇಳುತ್ತಾರೆ. ನಮ್ಮ ಪೂರ್ವಿಕರು ಮಗ್ಗ ಹೊತ್ತು ಈ ಕಡೆ ಬಂದರು. ಹೊಗೆನಕಲ್ಲಿನ ಹತ್ತಿರ ಹೊಳೆ ದಾಟುವಾಗ ತೆಪ್ಪ ಓಲಾಡಿ ‘ಹ’ ಕಾವೇರಿಗೆ ಬಿದ್ದಿರಬೇಕು; ಆ ಊರನ್ನೇ ನಾವು ಒಗೇನಕಲ್ ಅನ್ನುತ್ತೇವೆ ನೋಡಿ. ಅಂದಿನಿಂದ ನಮಗೆ ಹಾಲು ಆಲು, ಹೂವು ಊವು, ಹಾಡು ಆಡು. ತಮ್ಮ ಭಾಷೆಯಲ್ಲಿ ‘ಆಡು’ ಅಂದರೆ ಕುಣಿ. ಚೆಲ್ಲಮ್ಮ ತನ್ನ ಭಾಷೆಯಲ್ಲಿ ಹಾಡಿದಳು, ತಮ್ಮ ಭಾಷೆಯಲ್ಲಿ ಕುಣಿದಳು, ಕುರ್ಚಿಯಲ್ಲಿ ಮಾತ್ರ ಸುಮ್ಮನೆ ಕೂತಿದ್ದಳು. ಇನ್ನೂ ಒಂದು ಮಾತು ತಮ್ಮ ಗಮನಕ್ಕೆ. ನಮ್ಮಲ್ಲಿ ಡ್ಯಾನ್ಸಿಗೆ ‘ಕುಣಿ’ ಅನ್ನುತ್ತೇವೆ. ತಮಿಳಿನಲ್ಲಿ ಅದು ಕೇಳಿಸುವುದು ‘ಬಗ್ಗು’ ಎಂದು. ಆಕೆ ನಿಜವಾಗಿ ಬೀದಿ ನಡುವೆ ಗೆಜ್ಜೆ ಕಟ್ಟಿ ಕುಣಿದು, “ಕುಣೀತಾ ಇವ್ನಿ ಸಾಮಿ” ಎಂದು ಪ್ರಾಮಾಣಿಕವಾಗಿ ಒಪ್ಪಿಕೊಂಡಿದ್ದರೆ, ತಾವು ಪಾಪ ಮುದುಕಿ ಏನೋ ಬಿದ್ದದ್ದನ್ನು ಬಗ್ಗಿ ಹುಡುಕುತ್ತಿದ್ದಾಳೆಂದು ಟಾರ್ಚು ಬಿಟ್ಟು ಸಹಾಯ ಮಾಡುತ್ತಿದ್ದಿರಿ. ಕಾನೂನು ಇಷ್ಟು ಸೂಕ್ಷ್ಮವಾದದ್ದೆಂದು ನಾವು ಅರಿತಿರಲಿಲ್ಲ.

ಇಲ್ಲಿಗೆ ಬಿಟ್ಟಿದ್ದರೆ ನಾನು ಪತ್ರ ಬರೆಯುತ್ತಿರಲಿಲ್ಲ, ಇದನ್ನೇ ಒಂದು ಕತೆ ಮಾಡಿ ಮೈಕಿನಲ್ಲಿ ಹೇಳಿಕೊಂಡು ತಿರುಗುತ್ತಿದ್ದೆ. ಆದರೆ ತಾವು ಘೋಷಣೆಯಲ್ಲಿ ಆಕೆಯ ಹೆಸರನ್ನೂ ಹೇಳಿದಿರಿ. ಯಾರೋ ಅದನ್ನು ಫೋನಿನಲ್ಲಿ ಹಿಡಿದರು. ಮರುದಿನವೇ ತಾರಮಂಗಲದಿಂದ ಆಕೆಯ ನಾದಿನಿ ಫೋನ್ ಮಾಡಿದಳು: “ಏನತ್ಗೆ, ರೆಕಾರ್ಡ್ ಡ್ಯಾನ್ಸ್ ಆಡಿದ್ರಂತೆ? ಪೋಲೀಸ್ನೋರು ಬಂದು ಇಡ್ಕೊಂಡ್ರಂತೆ? ಈ ವಯಸ್ನಾಗೆ ನಿಮ್ಗ್ಯಾಕೆ ಬೇಕಿತ್ತು?” ನಾದಿನಿಗೆ ಕನ್ನಡ ಬರುತ್ತದೆ, ಅತ್ತಿಗೆಯ ಕಾಲೂ ಗೊತ್ತು. ಆದರೂ ಮೈಕಿನಲ್ಲಿ ಸರ್ಕಾರ ಹೇಳಿದ್ದು ಸುಳ್ಳಾಗುವುದುಂಟೇ? ಆಮೇಲೆ ಕಂಬೈನಲ್ಲೂರಿನ ಬೀಗರು. ಆಮೇಲೆ ತರಕಾರಿ ಗಾಡಿಯವನು. ಚೆಲ್ಲಮ್ಮ ಫೋನನ್ನು ಅಕ್ಕಿ ಡಬ್ಬದೊಳಗೆ ಇಟ್ಟಳು. ಆವತ್ತಿನಿಂದ ಆಕೆ ಹಾಡಿಲ್ಲ. ಮಗ್ಗದ ಮುಂದೆ ಕೂತರೂ ಇಲ್ಲ, ಗುಂಯ್ ಅನ್ನುವ ಅರ್ಧ ದನಿಯೂ ಇಲ್ಲ.

ಇದರಿಂದ ಏನು ಮುಳುಗಿತು ಎಂದು ತಾವು ಕೇಳಬಹುದು. ಮುಳುಗುತ್ತಿರುವುದನ್ನೇ ಹೇಳುತ್ತೇನೆ. ಬೀದಿಯಲ್ಲಿ ಉದ್ದಕ್ಕೂ ನೂಲು ಹಾಸುವಾಗ ಹಾಡುತ್ತಿದ್ದ ಹಾಡುಗಳು ಈಗ ಉಳಿದಿರುವುದು ಚೆಲ್ಲಮ್ಮನೊಬ್ಬಳ ಬಾಯಲ್ಲಿ. ನಮ್ಮ ಪ್ರಾಯದವರು ಕನಸನ್ನೂ ತಮಿಳಿನಲ್ಲೇ ಕಾಣುವವರು. ಕಾರ್ತಿಕಾ ಮನೆಯಲ್ಲಿ ಅಜ್ಜಿಗೆ ತಮಿಳಿನಲ್ಲೇ ಉತ್ತರ ಕೊಡುವವಳು. ಅವಳು ತಾನಾಗಿ ಬಂದು, “ಪಾಟಿ, ಎನಕ್ಕು ಅದು ಕತ್ತುಕ್ಕುಡು” ಎಂದು, ನನಗೆ ಅದನ್ನು ಕಲಿಸು ಎಂದು ಕೇಳಿದ್ದು ಈ ಅಮಾವಾಸ್ಯೆ ಸಂಜೆಗಳಿಂದಾಗಿಯೇ. ಉದ್ದದ ಹಾಡೊಂದರ ಅರ್ಧ ಕಲಿತಿದ್ದಳು. ತಾವು ಬಂದದ್ದು ಆ ಅರ್ಧದಲ್ಲಿ.

ಮರುತಿಂಗಳು, ಆವಣಿಯ ಅಮಾವಾಸ್ಯೆಗೆ ನಾನೊಂದು ಉಪಾಯ ಮಾಡಿದೆ. ಮೈಕ್ ಇಲ್ಲ, ವೇದಿಕೆ ಇಲ್ಲ, ನಮ್ಮ ನಮ್ಮ ಹೊಸ್ತಿಲಲ್ಲಿ ಕೂರುವುದಕ್ಕೆ ಅನುಮತಿ ಬೇಡವಲ್ಲ. ತಮ್ಮ ಆಜ್ಞೆಗೆ ಎಳ್ಳಷ್ಟೂ ಚ್ಯುತಿ ಬಾರದಿರಲೆಂದು ಎಲ್ಲರ ಕಾಲುಗಳನ್ನೂ ಮಗ್ಗದ ನೂಲಿನಿಂದ ಜೋಡಿಸಿ ಕಟ್ಟಿದೆ. ‘ಠಾಣಾಧಿಕಾರಿಗಳ ಅಪ್ಪಣೆಯಂತೆ ಇಲ್ಲಿ ಕಾಲುಗಳು ಬಂಧನದಲ್ಲಿವೆ’ ಎಂದು ಬೋರ್ಡು ಹಾಕಿದೆ. ತಾವು ಕಳಿಸಿದ ಪೇದೆಗಳಲ್ಲಿ ಆವತ್ತೂ ಬಂದಿದ್ದ ಒಬ್ಬರು ಬಂದು ನೋಡಿ ತಲೆ ಆಡಿಸಿದರು.

“ಅಣ್ಣಾ, ತಲೆ ಆಡಿಸಿದ್ದು ಆಟ್ಟಮಾ? ತಲೆಯಾಟ್ಟಂ ಅಂತಾರಲ್ಲ,” ಎಂದೆ; ತಮಿಳಿನಲ್ಲಿ ಆಟ್ಟಂ ಅಂದರೂ ಕುಣಿತವೇ.

“ಡೇಯ್, ಉದೆ ಪಡುವೇ,” ಒದೆ ತಿಂತೀಯ ನೋಡು ಎಂದು ಬೀದಿಗೆಲ್ಲ ಕೇಳುವಂತೆ ತಮಿಳಿನಲ್ಲಿ ಗದರಿದರು. ಆಮೇಲೆ ನನ್ನ ಪಕ್ಕ ಕೂತು, ಬೂಟಿನ ದಾರ ಕಟ್ಟುವವರಂತೆ ಬಗ್ಗಿ, ಶುದ್ಧ ನಮ್ಮ ಬೀದಿಯ ಕನ್ನಡದಲ್ಲಿ ಕೇಳಿದರು:

“ಆ ಅಜ್ಜಿ ಎಲ್ಲಿ ಕಣ್ಲಾ? ಒರಗ್ ಬರ್ಲಿಲ್ವಾ?”

ನಾನೂ ಬಗ್ಗಿ ಕೇಳಿದೆ: “ಅಣ್ಣಾ, ನಿಮ್ಗೆ ಕನ್ನಡ ಬತ್ತದಾ? ಆವತ್ತು ಅವ್ರು ಏಳಿದ್ದು ನಿಮ್ಗೆ ತಿಳೀತಾ?”

“ತಿಳೀದೆ ಏನ್ಲಾ? ನಮ್ಮವ್ವನೂ ಅಂಗೇ ಅಂತಾಳೆ. ಅಯ್ಯನೋರು ಆಟ್ಟಂ ಅಂದ್ಮೇಲೆ ಪೇದೆ ಪಾಟ್ಟು ಅನ್ನಕಾಯ್ತದಾ?”

ಮಾನ್ಯರೇ, ಹೊಳೆಯಾಚೆಯಿಂದ ಭಾಷಾಪಂಡಿತರನ್ನು ಕರೆಸುವ ಖರ್ಚು ತಮಗಿಲ್ಲ. ಸಾಕ್ಷಿ ತಮ್ಮ ಠಾಣೆಯಲ್ಲೇ ತಮಗೆ ಸೆಲ್ಯೂಟ್ ಹೊಡೆಯುತ್ತಿದ್ದಾರೆ. ಅವರ ಹೆಸರನ್ನು ಕೇಳಬೇಡಿ. ನನ್ನ ಉಚ್ಚಾರಣೆಯಲ್ಲಿ ಅದು ಪೂರ್ತಿಯಾಗಿ ಬಿದ್ದುಹೋಗಿದೆ.

ಆ ಸಂಜೆ ನನ್ನ ಚೇಷ್ಟೆ ಎಷ್ಟು ಚೆನ್ನಾಗಿ ನಡೆಯಬೇಕಿತ್ತು! ಬೀದಿ ತುಂಬ ಜನ, ಕಾಲಿಗೆ ನೂಲು, ಎಲ್ಲರ ಮುಖದಲ್ಲಿ ನಗು. ಆದರೆ ಕಾಲು ಕಟ್ಟಿಕೊಂಡು ಕೂತ ಮೇಲೆ ಹಾಡುವವರು ಬೇಕಲ್ಲ? ಮೋಹನ್‌ರಾಜ್ ಗಂಟಲು ಸರಿಮಾಡಿಕೊಂಡ, ಕೈ ಮುಗಿದು ಬೇಡವೆಂದೆವು. ಕೊನೆಗೆ ಕಾರ್ತಿಕಾ ತಾನೇ ಶುರು ಮಾಡಿದಳು.

ಎಳೆಯೇ ಎಳೆಯೇ ಬಾರೆ, ಏಳ್ಬೀದಿ ಸುತ್ತಿ ಬಾರೆ,
ಕಡಿದ್ರೆ ಗಂಟಾಕ್ತೀನಿ, ಕಡೇ ಮನೇಗಂಟ ಬಾರೆ

ತಮಿಳು ನಾಲಿಗೆಯಲ್ಲಿ ತಡವರಿಸಿದರೂ ಚೆನ್ನಾಗಿ ಹಾಡಿದಳು. ಅರ್ಧಕ್ಕೆ ಬಂದಳು. ನಿಂತಳು. ಎದುರಿನ ತನ್ನ ಮನೆಯ ಮುಚ್ಚಿದ ಬಾಗಿಲ ಕಡೆ ತಿರುಗಿ ಕೂಗಿದಳು: “ಪಾಟಿ! ಅಡುತ್ತದು ಎನ್ನ?” ಮುಂದಿನದು ಏನಜ್ಜಿ ಎಂದು. ಬೀದಿಯೆಲ್ಲ ಆ ಬಾಗಿಲನ್ನೇ ನೋಡಿತು. ಅವಳು ಇನ್ನೊಂದು ಸಲ ಕೂಗಿದಳು. ಬಾಗಿಲು ತೆರೆಯಲಿಲ್ಲ. ಜನ ಒಬ್ಬೊಬ್ಬರಾಗಿ ಬಗ್ಗಿ ಕಾಲಿನ ನೂಲು ಬಿಚ್ಚಿಕೊಂಡು ಒಳಗೆ ಹೋದರು. ಆಗ ಯಾರೂ ನಗುತ್ತಿರಲಿಲ್ಲ.

ಮರುದಿನ ನಾನು ಚೆಲ್ಲಮ್ಮನ ಹತ್ತಿರ ಹೋದೆ. “ಮಿಕ್ಕಿದ್ದನ್ನ ಮನೆ ಒಳ್ಗೇ ಏಳ್ಕೊಡಜ್ಜಿ, ಯಾರ್ಗೂ ಕೇಳ್ಸಲ್ಲ” ಎಂದೆ. ಆಕೆ ಲಾಳಿಯಿಂದ ಕಣ್ಣೆತ್ತಲಿಲ್ಲ. “ಓಗ್ಲಾ. ಕದ ಆಕ್ಕೊಂಡು ಆಡಾಕೆ ನಾನೇನ್ ಕಳ್ತನ ಮಾಡಿವ್ನಾ? ಬೀದಿಯಾಗೆ ಮಾನ ಓಯ್ತು. ಬರಾದಾದ್ರೆ ಅದು ಬೀದಿಯಾಗೇ ಬರ್ಬೇಕು.”

ಆದ್ದರಿಂದ ನಮ್ಮ ಬೇಡಿಕೆ. ಪಂಬೆಯನ್ನು ವಾಪಸು ಕೊಡಿ; ಠಾಣೆಯ ಅಂಗಳದ ಬಿಸಿಲಿನಲ್ಲಿ ಅದರ ಚರ್ಮ ಬಿರಿಯುತ್ತಿದೆ. ಅರ್ಜಿಯ ಮೇಲಿನ ಕೆಂಪು ಗೆರೆ ಅಳಿಸಿ, ಹಾಡಿಗೂ ಕುಣಿತಕ್ಕೂ ಅನುಮತಿ ಕೊಡಿ. ಇವೆರಡನ್ನು ಮೇಲಧಿಕಾರಿಗಳಿಂದಲೂ ಪಡೆಯಬಹುದು, ಪಡೆಯುತ್ತೇವೆ. ಮೂರನೆಯದು ತಮ್ಮಿಂದ ಮಾತ್ರ ಆಗುವಂಥದ್ದು. ಬರುವ ಅಮಾವಾಸ್ಯೆಯ ಸಂಜೆ ಬೀದಿಗೆ ಬನ್ನಿ. ಚೆಲ್ಲಮ್ಮನ ಬಾಗಿಲ ಮುಂದೆ ನಿಂತು, ಎಲ್ಲರಿಗೂ ಕೇಳುವಂತೆ, ನಮ್ಮ ಭಾಷೆಯಲ್ಲಿ ಎರಡೇ ಮಾತು ಹೇಳಿ: “ಮಿಕ್ಕಿದ್ದು ಆಡಮ್ಮ.” ಕ್ಷಮೆ ಗಿಮೆ ಏನೂ ಬೇಡ, ತಾರಮಂಗಲದ ತನಕ ಅಷ್ಟೇ ಸಾಕು. ಹೇಳುವಾಗ ತಮ್ಮ ಕಿವಿಗೆ, ಅಜ್ಜಿಗೆ ಡ್ಯಾನ್ಸ್ ಮಾಡು ಎಂದು ಅಪ್ಪಣೆ ಕೊಟ್ಟ ಹಾಗೆ ಕೇಳಿಸಿ ಸ್ವಲ್ಪ ನಾಚಿಕೆಯಾಗುತ್ತದೆ. ಆಗಲಿ. ಆ ನಾಚಿಕೆಯನ್ನು ಆಕೆ ಇಷ್ಟು ದಿನ ಒಬ್ಬಳೇ ಹೊತ್ತಿದ್ದಾಳೆ.

ಬೇಗ ಬನ್ನಿ. ಆಕೆಗೆ ವಯಸ್ಸಾಗಿದೆ, ಕಾರ್ತಿಕಾಗೆ ಅರ್ಧವೇ ಬರುತ್ತದೆ.

ಇಂತಿ,
ನಗಿಸಲು ಹೊರಟು ಒಂದು ಬೀದಿಯನ್ನೇ ಮೌನವಾಗಿ ಮನೆಗೆ ಕಳಿಸಿದ,
ಅಶ್ವತ್ಥ್
(ಮೈಕ್ ಸೆಟ್, ಸದ್ಯ ಕೆಲಸವಿಲ್ಲ)