ಮೇಷ್ಟ್ರ ತೂಕ

ನಮ್ಮ ಮನೆ, ಮೆಟ್ಟಿಲ ಕೆಳಗಿನ ಮೇಜು
ಹದಿನಾಲ್ಕನೇ ತಾರೀಖು, ಮಂಗಳವಾರ, ಬೆಳಗ್ಗೆ ಹತ್ತು ಗಂಟೆ

ಪ್ರೀತಿಯ ಗುಬ್ಬೀ,

ಹೇಗಿದ್ದೀಯಮ್ಮಾ? ಬೆಟ್ಟದ ತುದಿಯಲ್ಲಿ ಕೂತು ಗಾಳಿ ಎಷ್ಟು ಬೀಸಿತು, ಮಳೆ ಎಷ್ಟು ಸುರಿಯಿತು ಎಂದು ಸರ್ಕಾರಕ್ಕೆ ವರದಿ ಒಪ್ಪಿಸುವವಳು, ನಿನ್ನ ಮೂಗು ಎಷ್ಟು ಸೋರಿತು ಎಂದು ಮಾತ್ರ ನಮಗೆ ಬರೆಯುವುದಿಲ್ಲ. ಕಳೆದ ಕಾಗದದಲ್ಲಿ ಕೆಮ್ಮಿನ ಸುದ್ದಿಯನ್ನು ಒಂದೇ ಸಾಲಿನಲ್ಲಿ ಮುಗಿಸಿದ್ದೀಯ. ಅದು ಒಣಕೆಮ್ಮೋ ಕಫದ ಕೆಮ್ಮೋ, ಬೆಳಗ್ಗೆ ಜಾಸ್ತಿಯೋ ಸಂಜೆಯೋ, ಅಜ್ಜಿಗೆ ವಿವರ ಬೇಕಂತೆ. ಕಿವಿ ಮುಚ್ಚುವ ಟೋಪಿ ಹಾಕಿಕೋ. ಚೆನ್ನಾಗಿ ಕಾಣುವುದಿಲ್ಲ ಎನ್ನಬೇಡ. ಆ ಹವಾಮಾನ ಕೇಂದ್ರದಲ್ಲಿ ನಿನ್ನನ್ನು ನೋಡುವವರು ಮೂರೇ ಜನ, ಮೂವರೂ ಮೋಡ ನೋಡುವುದಕ್ಕೆ ಸಂಬಳ ತೆಗೆದುಕೊಳ್ಳುವವರು. ನಾವಿಬ್ಬರೂ ಆರೋಗ್ಯ. ಅಜ್ಜಿಯ ಮಂಡಿ ಎಂದಿನಂತೆ ನೋಯುತ್ತಿದೆ, ನನ್ನ ಕಿವಿ ಎಂದಿನಂತೆ ಬೇಕಾದ್ದನ್ನು ಮಾತ್ರ ಕೇಳಿಸಿಕೊಳ್ಳುತ್ತಿದೆ. ನಿನ್ನ ಅಪ್ಪ ಅಮ್ಮ ಭಾನುವಾರ ಬಂದು ಹೋದರು. ಅಲ್ಲಿ ಫೋನು ಸಿಗುವುದಿಲ್ಲವೆಂದು ನಿನ್ನ ಅಮ್ಮ ಈಗಲೂ ಫೋನನ್ನೇ ಬೈಯುತ್ತಾಳೆ.

ಇನ್ನು ಮೇಷ್ಟ್ರ ವಿಷಯ. ನಿನ್ನ ಈ ಆಮೆ ಮೇಷ್ಟ್ರನ್ನು ಅಪ್ಪ ಅಮ್ಮನ ಬಳಿ ಬಿಡದೆ ನಮ್ಮಲ್ಲಿ ಯಾಕೆ ಬಿಟ್ಟುಹೋದೆ ಎಂಬುದನ್ನು ನಾನು ಮರೆತಿಲ್ಲ. ನೀನು ಏಳು ವರ್ಷದವಳಿದ್ದಾಗ ನಿನ್ನ ಕೆಂಪು ಮೀನು ಸತ್ತುಹೋಯಿತು. ನೀನು ಶಾಲೆಯಿಂದ ಬರುವಷ್ಟರಲ್ಲಿ ನಿನ್ನ ಅಪ್ಪ ಅದೇ ಬಣ್ಣದ ಇನ್ನೊಂದನ್ನು ತಂದು ಬಿಟ್ಟಿದ್ದ. ಅದೇ ಮೀನು, ಅದೇ ಮೀನು ಎಂದು ಮನೆಮಂದಿಯೆಲ್ಲ ಹಾಡಿದ್ದೇ ಹಾಡಿದ್ದು. ನೀನು ನನ್ನ ಹತ್ತಿರ ಬಂದು ಕೇಳಿದೆ, ನಾನು ಹೇಳಿಬಿಟ್ಟೆ. ನಿನ್ನ ಅಮ್ಮ ನನ್ನ ಜೊತೆ ಒಂದು ವಾರ ಮಾತು ಬಿಟ್ಟಳು. ನೀನು ಮಾತ್ರ ಅಂದಿನಿಂದ “ತಾತ ಸುಳ್ಳು ಹೇಳಲ್ಲ” ಎಂದು ಊರೆಲ್ಲ ಸಾರಿಕೊಂಡು ಬಂದೆ. ಹೊರಡುವ ದಿನ ರಟ್ಟಿನ ಪೆಟ್ಟಿಗೆಯನ್ನು ನನ್ನ ಕೈಗಿಟ್ಟಾಗಲೂ ಅದನ್ನೇ ಹೇಳಿದೆ. ತೂಕ ಮತ್ತು ಅಳತೆ ಇಲಾಖೆಯಲ್ಲಿ ಮೂವತ್ತೆರಡು ವರ್ಷ ಇನ್ಸ್‌ಪೆಕ್ಟರ್ ಆಗಿದ್ದೆ ನೋಡು, ಇಲಾಖೆಯವರು ನಿವೃತ್ತಿಯ ದಿನ ಒಂದು ಗೋಡೆ ಗಡಿಯಾರ ಕೊಟ್ಟರು, ಅದು ಹತ್ತು ನಿಮಿಷ ಹಿಂದೆ ಓಡುತ್ತದೆ. ನಿಜವಾದ ಪದಕ ಕೊಟ್ಟವಳು ನೀನೇ.

ಹಿಂದಿನ ಎರಡು ಕಾಗದಗಳಲ್ಲಿ ಮೇಷ್ಟ್ರಿಗೆ ಸ್ವಲ್ಪ ಶೀತ, ತೂಕ ಏರುತ್ತಿದೆ ಎಂದಷ್ಟೇ ಬರೆದಿದ್ದೆ. ಅದಕ್ಕೆ ನೀನು “ನಿಜ ಹೇಳಿ ತಾತ, ರಜೆ ಹಾಕ್ಲಾ? ಈ ಬುಧವಾರದ ಜೀಪಲ್ಲಿ ಇಳೀಲಿಲ್ಲ ಅಂದ್ರೆ ಆಮೇಲೆ ರಸ್ತೆ ರಿಪೇರಿ, ಒಂದು ತಿಂಗಳು ಇಲ್ಲೇ ಇರ್ಬೇಕು” ಎಂದು ಬರೆದಿದ್ದೀಯ. ಜೀಪಿನ ಡ್ರೈವರು ಇವತ್ತು ಸಂಜೆ ಈ ಕಾಗದ ತೆಗೆದುಕೊಂಡು ಹೋಗುತ್ತಾನೆ, ನಾಳೆ ನಿನ್ನ ಕೈ ಸೇರುತ್ತದೆ. ಆದ್ದರಿಂದ ಎಲ್ಲವನ್ನೂ ವಿವರವಾಗಿ ಬರೆಯುತ್ತೇನೆ.

ತಪ್ಪು ನನ್ನದು. ವಾರಕ್ಕೆರಡು ಸಲ ಉಗುರುಬೆಚ್ಚಗಿನ ನೀರಿನಲ್ಲಿ ಸ್ನಾನ ಎಂದು ನಿನ್ನ ಸೂಚನೆಯ ಹಾಳೆಯಲ್ಲಿ ಸ್ಪಷ್ಟವಾಗಿಯೇ ಇತ್ತು. ನಲವತ್ತು ವರ್ಷದಿಂದ ತಣ್ಣೀರು ಸುರಿದುಕೊಂಡೇ ಗಟ್ಟಿಮುಟ್ಟಾಗಿರುವ ನನಗೆ ಅದು ಸುಮ್ಮನೆ ಮುದ್ದು ಎನ್ನಿಸಿತು. ಮೇಷ್ಟ್ರಿಗೂ ಶಿಸ್ತು ಕಲಿಸಲು ಹೋದೆ. ಮೂರು ವಾರದ ಹಿಂದೆ ಅವರ ಮೂಗಿನಲ್ಲಿ ಗುಳ್ಳೆ ಕಾಣಿಸಿತು. ಮಾರನೆಯ ದಿನ ಕಣ್ಣು ಮುಚ್ಚಿದರು, ಆಮೇಲೆ ಊಟ ಬಿಟ್ಟರು. ನಾನು ಓಡಿಹೋಗಿ ಹಾಳೆ ನೋಡಿದೆ. ಅದನ್ನು ಪೆಟ್ಟಿಗೆಯ ಒಳಬದಿಗೆ ಅಂಟಿಸಿದ್ದವನೂ ನಾನೇ, ನಿಯಮ ಅವರ ಕಣ್ಣೆದುರೇ ಇರಲಿ ಎಂದು. ಕೆಳಗಿನ ಅರ್ಧವನ್ನು ಮೇಷ್ಟ್ರು ಯಾವಾಗಲೋ ತಿಂದುಬಿಟ್ಟಿದ್ದರು! ಉಳಿದ ಕೊನೆಯ ಸಾಲಿನಲ್ಲಿ “ಕಾಯಿಲೆ ಬಂದರೆ ಮೊದಲು” ಎಂದಿತ್ತು. ಮುಂದಿನದು ಅವರ ಹೊಟ್ಟೆಯಲ್ಲಿತ್ತು.

ಪೆಟ್ಟಿಗೆ ಎತ್ತಿಕೊಂಡು ಪಶು ಆಸ್ಪತ್ರೆಗೆ ಹೋದೆ. ಅಲ್ಲಿದ್ದವನು ಜವಾನ ಒಬ್ಬನೇ. “ಡಾಕ್ಟ್ರು ವರ್ಗ ಆಗಿ ಐದು ತಿಂಗಳಾಯ್ತು ಸಾರ್, ಹೊಸಬರು ಇವತ್ತೋ ನಾಳೆನೋ ಬರ್ತಾರೆ” ಎಂದ. ಆದರೂ ಬಂದವರನ್ನು ಬರಿಗೈಯಲ್ಲಿ ಕಳಿಸಬಾರದೆಂದು ಒಂದು ಫಾರಂ ತುಂಬಿಸಿಕೊಂಡ. ದನ, ಎಮ್ಮೆ, ಆಡು, ಕುರಿ, ಕೋಳಿ, ಇತರೆ. ಇತರೆಗೆ ಗುರುತು ಹಾಕಿದೆವು. ದಿನಕ್ಕೆ ಎಷ್ಟು ಲೀಟರ್ ಹಾಲು ಎಂಬಲ್ಲಿ ಸೊನ್ನೆ ಬರೆದು, ತುಂಬ ಬೇಜಾರಿನಿಂದ ಮೇಷ್ಟ್ರ ಮುಖ ನೋಡಿದ. ಆಮೆ ನೋಡುವ ಡಾಕ್ಟರು ಇರುವ ಊರಿಗೆ ಬಸ್ಸಿನಲ್ಲಿ ಹನ್ನೊಂದು ಗಂಟೆ. ಆ ಬಸ್ಸಿನಲ್ಲಿ ಕುಳಿತರೆ ಗಟ್ಟಿ ಆಳಿನ ಸೊಂಟವೇ ಕಳಚುತ್ತದೆ. ಔಷಧದಂಗಡಿಯವಳು “ಊಹೆ ಮೇಲೆ ಮಾತ್ರೆ ಕೊಡಲ್ಲ, ಕೊಟ್ಟು ಹೆಚ್ಚುಕಮ್ಮಿ ಆದ್ರೆ ನೀವೇ ನನ್ನ ಮೇಲೆ ಬರ್ತೀರ” ಎಂದಳು. ಅವಳು ಹೇಳಿದ್ದು ಸರಿಯೇ. ಲೈಬ್ರರಿಯಲ್ಲಿ ಆಮೆಯ ಬಗ್ಗೆ ಇದ್ದದ್ದು ಒಂದು ದಪ್ಪ ಪುಸ್ತಕದ ಅರ್ಧ ಪುಟ. ಶೀತವಾದರೆ ಬೆಚ್ಚಗಿಡಿ, ದಿನಾ ಬೆಚ್ಚನೆಯ ನೀರಿನಲ್ಲಿ ಕೂರಿಸಿ, ತೂಕ ಗಮನಿಸಿ, ತೂಕ ಇಳಿಯುತ್ತಾ ಹೋದರೆ ಅಪಾಯ ಎಂದಿತ್ತು. ಅದನ್ನೇ ಕಂಠಪಾಠ ಮಾಡಿಕೊಂಡು ಬಂದೆ.

ಅಂದಿನಿಂದ ನಮ್ಮ ಮನೆ ನರ್ಸಿಂಗ್ ಹೋಮು. ನನ್ನ ಮೇಜಿನ ದೀಪ ಮೇಷ್ಟ್ರ ನೆತ್ತಿಯ ಮೇಲಿದೆ, ನಾನು ಕಿಟಕಿಯ ಬೆಳಕಿನಲ್ಲಿ ಬರೆಯುತ್ತಿದ್ದೇನೆ. ಅಜ್ಜಿ ತನ್ನ ಮಂಡಿಗಿದ್ದ ಬಿಸಿನೀರಿನ ಚೀಲವನ್ನು ಅವರ ಕೆಳಗಿಟ್ಟಿದ್ದಾಳೆ. ನೀನು ಅವರನ್ನು ಮೊದಲ ಸಲ ಮನೆಗೆ ತಂದಾಗ “ಕಲ್ಲಿಗೆ ಕಾಲು ಬಂದ ಹಾಗಿದೆ” ಎಂದು ಮೂಗು ಮುರಿದವಳು ಇವಳೇ. ಈಗ ಸ್ನಾನದ ನೀರನ್ನು ಮೊಣಕೈ ಅದ್ದಿ ನೋಡಿಯೇ ಒಪ್ಪುವುದು. ನಾನು ಥರ್ಮಾಮೀಟರ್ ಹಿಡಿದುಕೊಂಡು ಹೋದರೆ “ಮೂರು ಮಕ್ಕಳನ್ನ ಮೊಣಕೈಯಲ್ಲೇ ಸಾಕಿದೀನಿ, ದೂರ ಹೋಗಿ” ಎಂದು ಗದರುತ್ತಾಳೆ. ಮಂಡಿ ನೋವಿನ ಸಿಟ್ಟೆಲ್ಲ ನನ್ನ ಮೇಲೆ. ಮೇಷ್ಟ್ರಿಗೆ ಮಾತ್ರ ಮೆತ್ತನೆಯ ಮಾತು.

ಕಷ್ಟವಾದದ್ದು ತೂಕದ್ದು. ಇಲಾಖೆಯ ತಕ್ಕಡಿಯನ್ನು ನಿವೃತ್ತಿಯ ದಿನವೇ ಒಪ್ಪಿಸಿದ್ದೆ. ಅಜ್ಜಿಯ ಅಡುಗೆಮನೆಯ ತಕ್ಕಡಿ ತಪ್ಪು ತೋರಿಸುತ್ತದೆಂದು ಹದಿನೈದು ವರ್ಷದ ಹಿಂದೆ ನಾನೇ ಕೆಂಪು ಚೀಟಿ ಅಂಟಿಸಿ ಅಟ್ಟಕ್ಕೆ ಹಾಕಿದ್ದೆ. ನಮ್ಮ ಬೀದಿಯಲ್ಲಿ ಒಂದೊಂದು ಗ್ರಾಂ ತೋರಿಸುವ ತಕ್ಕಡಿ ಇರುವುದು ಎದುರುಗಡೆ ದಿನಸಿ ಅಂಗಡಿಯ ಹೆಬ್ಬೆರಳಣ್ಣನ ಬಳಿ ಮಾತ್ರ. ಅವನ ಕಥೆ ನಿನಗೆ ಗೊತ್ತೇ ಇದೆ. ಗೊತ್ತಿದ್ದರೂ ಕೇಳು, ವಯಸ್ಸಾದವರು ಇನ್ನೇನು ಹೇಳಬೇಕು. ಇಪ್ಪತ್ತೆರಡು ವರ್ಷದ ಹಿಂದೆ ಅವನು ಸಕ್ಕರೆ ತೂಗುತ್ತಾ ತಟ್ಟೆಯ ಅಂಚನ್ನು ಹೆಬ್ಬೆರಳಿನಿಂದ ಒತ್ತಿದ್ದನ್ನು ರಸ್ತೆಯ ಈ ಬದಿಯಿಂದಲೇ ಕಂಡು ಹಿಡಿದವನು ನಾನು. ದಂಡ ಹಾಕಿಸಿದೆ, ತಕ್ಕಡಿ ಜಪ್ತಿ ಮಾಡಿಸಿದೆ, ಸಾಲದೆಂದು ಈ ಹೆಸರನ್ನೂ ಇಟ್ಟೆ. ದಂಡವನ್ನು ಅವನು ಮರೆತನೋ ಏನೋ, ಹೆಸರನ್ನು ಊರು ಮರೆಯಲಿಲ್ಲ. ಅಂದಿನಿಂದ ನಮ್ಮಿಬ್ಬರಿಗೆ ಮಾತಿಲ್ಲ. ಒಂದು ಪೊಟ್ಟಣ ಉಪ್ಪು ಬೇಕಾದರೂ ನಾನು ಎರಡು ಬೀದಿ ದಾಟಿ ಹೋಗುತ್ತಿದ್ದೆ.

ಅಂಥವನ ಅಂಗಡಿಯ ಮೆಟ್ಟಿಲನ್ನು ಎರಡು ವಾರದ ಹಿಂದೆ ಹತ್ತಿದೆ. “ಏನ್ ಸಾರ್, ನನ್ನ ತಕ್ಕಡಿ ಸರಿ ಇದೆಯಾ ಅಂತ ನೋಡೋಕೆ ಬಂದ್ರಾ?” ಎಂದ. ಅಂಗಡಿಯಲ್ಲಿದ್ದ ನಾಲ್ಕೈದು ಗಿರಾಕಿಗಳು ಕಿಸಕ್ಕೆಂದರು. ನಾನು ಪೆಟ್ಟಿಗೆಯ ಮುಚ್ಚಳ ತೆಗೆದೆ. ಅವನು ಬಗ್ಗಿ ನೋಡಿದ. ಹೆಗಲ ಮೇಲಿದ್ದ ಟವೆಲಿನಿಂದ ತಟ್ಟೆ ಒರೆಸಿದ, ಕಾಗದ ಹಾಸಿ ಅದರ ತೂಕ ಕಳೆದ, ಎರಡೂ ಕೈಯಲ್ಲಿ ಮೇಷ್ಟ್ರನ್ನು ಎತ್ತಿ ಇಟ್ಟ. 1,204. ನೀನು ಹೊರಡುವ ದಿನ ಹಾಳೆಯ ತಲೆಯ ಮೇಲೆ 1,240 ಎಂದು ಬರೆದು ಎರಡು ಗೆರೆ ಎಳೆದಿದ್ದೆ. ಐದು ಗ್ರಾಂ ಕಮ್ಮಿಯಾದರೆ ಅಂಗಡಿ ಮುಚ್ಚಿಸಿದವನು ನಾನು. ನನ್ನ ಸುಪರ್ದಿಯಲ್ಲಿ ಮೂವತ್ತಾರು ಗ್ರಾಂ ಹೋಗಿತ್ತು. ಅಲ್ಲೇ ಅಕ್ಕಿ ಮೂಟೆಯ ಮೇಲೆ ಕೂತುಬಿಟ್ಟೆ. ಹೆಬ್ಬೆರಳಣ್ಣ ಒಂದು ಲೋಟ ನೀರು ತಂದುಕೊಟ್ಟ. ನಾನು ಕುಡಿದು ಮುಗಿಸುವವರೆಗೆ ಗಿರಾಕಿಗಳಿಗೆ ಬೇಳೆ ತೂಗದೆ ನಿಂತಿದ್ದ.

ಮಾರನೆಯ ದಿನದಿಂದ ತೂಕ ಏರತೊಡಗಿತು. 1,206, ಆಮೇಲೆ 1,209, ಒಂದು ದಿನವೂ ಹಿಂದೆ ಬಿದ್ದಿಲ್ಲ, ನಿನ್ನೆ 1,231. ಬೆಳಗ್ಗೆ ಹನ್ನೊಂದಕ್ಕೆ ನಾನು ಪೆಟ್ಟಿಗೆಯೊಂದಿಗೆ ಹೊರಟರೆ ಬೀದಿಯಲ್ಲಿ ದಾರಿ ಬಿಡುತ್ತಾರೆ. ಹೆಬ್ಬೆರಳಣ್ಣ “ಬನ್ನಿ ಮೇಷ್ಟ್ರೇ” ಎಂದು ಕೈ ಒಡ್ಡುತ್ತಾನೆ, ಜಾರಿ ಬಿದ್ದಾರೆಂದು ಆಸರೆಗೆ ಒಂದು ಕೈ ಹಿಡಿದೇ ತೂಗುತ್ತಾನೆ. ಎರಡು ಗ್ರಾಂ ಏರಿತೆಂದು ಕೇಳಿ ಬೇಳೆ ಕೊಳ್ಳಲು ಬಂದವರು ಚಪ್ಪಾಳೆ ತಟ್ಟಿದ್ದೂ ಉಂಟು. ತಕ್ಕಡಿಯ ಪಕ್ಕದ ಬುಟ್ಟಿಯಲ್ಲಿ ಎಳೆಯ ಸೊಪ್ಪು, ತುರಿದ ಕುಂಬಳಕಾಯಿ ಮೇಷ್ಟ್ರಿಗೆಂದೇ ಎತ್ತಿಡುತ್ತಾನೆ. ಅವರು ಇನ್ನೂ ಬಾಯಿ ಹಾಕಿಲ್ಲ. ಅಜ್ಜಿ ಮಾತ್ರ ನನ್ನನ್ನು ಒಂದು ಥರ ನೋಡಿ, “ತಿನ್ನದೆ ತೂಕ ಏರೋದು ನನಗೊಬ್ಬಳಿಗೇ ಅಂದ್ಕೊಂಡಿದ್ದೆ” ಎಂದಳು. ಅವಳ ಮಾತಿಗೆಲ್ಲ ಉತ್ತರ ಕೊಡುತ್ತಾ ಹೋದರೆ ಕಾಗದ ಸಾಲದು.

ಆದ್ದರಿಂದ ಗುಬ್ಬೀ, ರಜೆ ಹಾಕಬೇಡ. ಹೊಸ ಕೆಲಸ, ಸೇರಿ ಮೂರು ತಿಂಗಳಾಗಿಲ್ಲ. ನಾವಿದ್ದೇವೆ, ದೀಪ ಇದೆ, ಬಿಸಿನೀರಿದೆ. ಅಂಕಿಗಳನ್ನು ನೀನೇ ನೋಡಿದೆಯಲ್ಲ. ಅಜ್ಜಿ ಬೆಚ್ಚನೆಯ ಕಾಲುಚೀಲ ಕಟ್ಟಿಟ್ಟಿದ್ದಾಳೆ, ಡ್ರೈವರ ಕೈಲಿ ಕೊಡುತ್ತೇನೆ. ನಿನ್ನ ಕೆಮ್ಮು ಇಳಿಯಲಿ, ಟೋಪಿ ಇಳಿಯದಿರಲಿ, ನೀನು ಎಷ್ಟೇ ಎತ್ತರದಲ್ಲಿದ್ದರೂ ಬಿಸಿ ಊಟ ನಿನ್ನನ್ನು ಹುಡುಕಿಕೊಂಡು ಬರಲಿ.

ನಿನ್ನ ಒಳ್ಳೆಯದನ್ನೇ ಬಯಸುವ,
ತಾತ
(ಅಜ್ಜಿಯೂ. ಅವಳು ಸಹಿ ಹಾಕುವುದಿಲ್ಲವಂತೆ. ಯಾಕೆಂದು ಕೇಳಿದರೆ “ನಿಮಗೇ ಗೊತ್ತು” ಎನ್ನುತ್ತಾಳೆ.)

ತಾ. ಕ.: ಗುಬ್ಬೀ, ಲಕೋಟೆ ಅಂಟಿಸಿಯಾಗಿತ್ತು, ಹರಿದು ಬರೆಯುತ್ತಿದ್ದೇನೆ. ಡ್ರೈವರು ಬಾಗಿಲಲ್ಲಿ ಹಾರನ್ ಮಾಡುತ್ತಿದ್ದಾನೆ, ಅಕ್ಷರ ಕೆಟ್ಟಿದ್ದರೆ ಕ್ಷಮಿಸು. ಮೇಲೆ ಬರೆದ ತೂಕಗಳಲ್ಲಿ ಮೊದಲನೆಯದು ಒಂದೇ ನಿಜ. ರಸ್ತೆಯ ಆಚೆಯಿಂದ ಕಂಡ ಹೆಬ್ಬೆರಳು ಒಂದು ಮೊಳ ದೂರದಲ್ಲಿ ಕಾಣುವುದಿಲ್ಲವೇ? ಎರಡನೆಯ ದಿನವೇ ಕಂಡೆ. ಚಿಪ್ಪಿನ ಹಿಂದೆ, ತಟ್ಟೆಯ ಅಂಚಿಗೆ, ಅದೇ ಹೆಬ್ಬೆರಳು. ಕಂಡೂ ಸುಮ್ಮನಿದ್ದೆ. ಆ ಅಂಕಿ ನನಗೆ ಬೇಕಾಗಿತ್ತು. ಎರಡು ವಾರ ಅವನ ಬೆರಳಿನ ತೂಕವನ್ನು ಮೇಷ್ಟ್ರ ತೂಕವೆಂದು ನಿನಗೆ ಬರೆದೆ. ಲಕೋಟೆ ಅಂಟಿಸಿದ ಮೇಲೆ ನಿನ್ನ ಹರಿದ ಹಾಳೆ ಮತ್ತೆ ಕಣ್ಣಿಗೆ ಬಿತ್ತು. ಕಾಯಿಲೆ ಬಂದರೆ ಮೊದಲು. ಮುಂದೆ ಏನಿತ್ತೆಂದು ಗೊತ್ತಾಯಿತು. “ನನಗೆ ಹೇಳಿ” ಎಂದು ತಾನೇ? ಪೆಟ್ಟಿಗೆ ಎತ್ತಿಕೊಂಡು ಇವತ್ತು ಎರಡನೆಯ ಸಲ ಎದುರಂಗಡಿಗೆ ಹೋದೆ. “ಎರಡೂ ಕೈ ಮೇಲೆತ್ತಪ್ಪ” ಎಂದೆ. ಎತ್ತಿದ. 1,164. ಅವನು ಕೈ ಇಳಿಸದೆಯೇ “ನಿಮ್ಮ ಮುಖ ನೋಡೋಕಾಗ್ಲಿಲ್ಲ ಸಾರ್” ಎಂದ, ಕಣ್ಣಲ್ಲಿ ನೀರು. ನನ್ನ ಕಣ್ಣಲ್ಲೂ. ನೀನು ಇದೇ ಜೀಪಿನಲ್ಲಿ ಇಳಿದು ಬಾ. ಬೈಯುವುದನ್ನು ಎದುರಿಗೇ ಬೈಯುವೆಯಂತೆ. ಆದರೆ ಇನ್ನೊಂದು ಮಾತು ಕೇಳು. ನಾವಿಬ್ಬರೂ ಹಾಗೆ ನಿಂತಿರುವಾಗ ಮೇಷ್ಟ್ರು ಒಂದು ಕಣ್ಣು ತೆರೆದರು, ಕತ್ತು ಚಾಚಿ ಪಕ್ಕದ ಬುಟ್ಟಿಯಿಂದ ಒಂದು ಎಲೆ ಕಚ್ಚಿ ಎಳೆದು ನುಂಗಿದರು. ತಕ್ಕಡಿ 1,166 ತೋರಿಸಿತು. ಹೆಬ್ಬೆರಳಣ್ಣನ ಎರಡೂ ಕೈ ಆಗಲೂ ಮೇಲೆಯೇ ಇದ್ದವು, ನಾನೇ ನೋಡಿದೆ.