ಐದನೇ ಬರಹ ನಾನು ಹಾಕಿಲ್ಲ

ಅಲೆಯಕ್ಕ,

ನಿಮ್ಮ ಸೈಟಿನ ಮುಖಪುಟದಲ್ಲಿ ನಿಮ್ಮನ್ನು ಕೇಳದೆ ಬರೆಯುತ್ತಿದ್ದೇನೆ. ಓದುಗರೆಲ್ಲ ಓದಲಿ. ತಪ್ಪು ಮಾಡಿದ್ದು ಎಲ್ಲರ ಮುಂದೆ, ಒಪ್ಪಿಕೊಳ್ಳುವುದೂ ಎಲ್ಲರ ಮುಂದೆಯೇ ಆಗಬೇಕು.

ಮೂರು ವರ್ಷದ ಹಿಂದೆ ನೀವು ಸರ್ಫ್ ಬೋರ್ಡಿನ ಮೇಲೆ ಎರಡು ಸೆಕೆಂಡು ನಿಂತು ಮಗುಚಿಕೊಂಡ ವೀಡಿಯೊ ಹಾಕಿದ್ದಿರಿ. 'ನೋಡಿದ್ದಕ್ಕೇ ನನ್ನ ಮೂಗಿಗೆ ಉಪ್ಪುನೀರು ಹೋಯ್ತು' ಅಂತ ಕೆಳಗೆ ಬರೆದೆ. 'ಬಾರೋ ಉಪ್ಪುಮೂಗ' ಅಂದಿರಿ. ಅವತ್ತಿನಿಂದ ಅದೇ ನನ್ನ ಹೆಸರು. ಜೆರಾಕ್ಸ್ ಅಂಗಡಿಯಲ್ಲಿ ಬೇರೆಯವರ ಅರ್ಜಿ, ಅಂಕಪಟ್ಟಿ ನಕಲು ಮಾಡುವವನು ನಾನು. ಸಮುದ್ರ ಕಂಡಿದ್ದು ನಿಮ್ಮ ಫೋಟೊಗಳಲ್ಲೇ. ಹಾಗಿದ್ದವನ ಕೈಗೆ ನೀವು ಸೈಟಿನ ಪಾಸ್‌ವರ್ಡ್ ಕೊಟ್ಟಾಗ ಎರಡು ದಿನ ನೆಲದ ಮೇಲೆ ಕಾಲೇ ನಿಲ್ಲಲಿಲ್ಲ.

ನೀವು ಹೊರಡುವ ಬೆಳಿಗ್ಗೆ ಫೋನಿನಲ್ಲಿ ಹೇಳಿದ್ದು ಒಂದಕ್ಷರ ಬಿಡದೆ ನೆನಪಿದೆ. "ದ್ವೀಪಕ್ಕೆ ನಾಲ್ಕು ದಿನ. ನಡುವೆ ಸಿಗ್ನಲ್ ಸಿಗಲ್ಲ. ಐದು ಬರಹ ಮೊದಲೇ ಬರೆದಿಟ್ಟಿದೀನಿ. ದಿನಾ ಬೆಳಿಗ್ಗೆ ಒಂದೊಂದು ಹಾಕು. ಒಂದು ದಿನ ತಪ್ಪಿದ್ರೂ ಅಮ್ಮನಿಗೆ ಕೈಕಾಲು ಆಡಲ್ಲ." ಗುಬ್ಬಿ ಅಂತ ನೀವು ಕರೆಯುವ ಆ ಪುಟ್ಟ ಹಾಯಿದೋಣಿಯಲ್ಲಿ ನೀವೊಬ್ಬರೇ, ಜೊತೆಗೆ ಕಾಲಿಗೆ ಕಟ್ಟಿಕೊಳ್ಳುವ ಹಗ್ಗದ ಆ ಹಳದಿ ಸರ್ಫ್ ಬೋರ್ಡು. ನಾನು ಹೂಂ ಅಂದೆ. ಮೊದಲೇ ಬರೆದದ್ದು ಅಂತ ಅಮ್ಮನಿಗೂ ಓದುಗರಿಗೂ ಹೇಳದೆ ಹಾಕುವುದರಲ್ಲಿ ಸುಳ್ಳಿದೆ ಅಂತ ಇಬ್ಬರಿಗೂ ಅನ್ನಿಸಲಿಲ್ಲ.

ಮೂರನೇ ಬರಹದಲ್ಲಿ ನೀವು, ಗಾಳಿ ಮೆಲ್ಲಗೆ ತಳ್ಳುತ್ತಿದೆ, ಲೋಟದ ಚಹಾ ಕೂಡ ತುಳುಕಲಿಲ್ಲ ಅಂತ ಬರೆದಿದ್ದಿರಿ. ಅದರ ಕೆಳಗೆ ಒಬ್ಬ ಹಳೇ ಮೀನುಗಾರರು ಕೇಳಿದರು: "ಏನಮ್ಮ, ಆ ಕಡೆ ನಿನ್ನೆಯಿಂದ ಬಿರುಗಾಳಿ ಅಂತಾರೆ. ನಿನ್ನ ಚಹಾ ಯಾವ ಸಮುದ್ರದಲ್ಲಿದೆ?" ಓದುಗರು ಗಾಬರಿಯಾಗಿ ಒಬ್ಬರ ಮೇಲೊಬ್ಬರು ಕೇಳತೊಡಗಿದರು. ಆಗ ನಾನು ನಿಮ್ಮ ಹೆಸರಿನಲ್ಲೇ ಉತ್ತರ ಕೊಟ್ಟೆ. "ಆರಾಮಾಗಿದೀನಿ ತಾತ. ನಮ್ಮ ಗುಬ್ಬಿ ಗಟ್ಟಿಗಿತ್ತಿ."

ನಲವತ್ತು ಜನ ಹೃದಯದ ಗುರುತು ಒತ್ತಿದರು. ನಿಮ್ಮ ಥರ ಬರೆಯಲು ಬಂತಲ್ಲ ಅಂತ ಹಿಗ್ಗಿದೆ, ಅಕ್ಕ.

ನಿನ್ನೆ ಸಂಜೆ ನೀವು ದ್ವೀಪ ಮುಟ್ಟಿ ಫೋನ್ ಮಾಡಬೇಕಿತ್ತು. ಮಾಡಲಿಲ್ಲ. ಇವತ್ತು ಬೆಳಿಗ್ಗೆ ಐದನೇ ಬರಹ ತೆರೆದೆ. 'ದಡ ಸೇರಿದೆ. ಮೊಣಕಾಲು ಇನ್ನೂ ತೂಗಾಡುತ್ತಿದೆ.' ಬೆರಳು ಬಟನ್ನಿನ ಮೇಲೇ ಇತ್ತು. ಒತ್ತಲಾಗಲಿಲ್ಲ. ನಿಮ್ಮ ಅಮ್ಮನಿಗೆ ಫೋನ್ ಮಾಡಿದೆ.

ಅವರು ನಗುತ್ತಲೇ ಮಾತಾಡಿದರು. "ಬಂದರಿನ ಆಫೀಸಿನವರು ಆಗಲೇ ಕೇಳಿದ್ರು ಕಣಪ್ಪ, ದೋಣಿ ಬಂದಿಲ್ಲ, ಹುಡುಕೋಕೆ ಕಳಿಸೋಣವಾ ಅಂತ. ನಾನೇ ಬೇಡ ಅಂದೆ. ಬಿರುಗಾಳಿ ದಿನಾನೇ ಆರಾಮಾಗಿದೀನಿ ಅಂತ ಬರೆದಿದಾಳಲ್ಲ."

ಜೆರಾಕ್ಸ್ ಯಂತ್ರ ಓಡುತ್ತಲೇ ಇತ್ತು. ಯಾರದೋ ಬಾಡಿಗೆ ಕರಾರು ಒಂದೊಂದೇ ಹಾಳೆಯಾಗಿ ಬಂದು ಬೀಳುತ್ತಿತ್ತು. "ಅಮ್ಮಾ, ಅದನ್ನ ಬರೆದಿದ್ದು ನಾನು" ಅಂದೆ. ಇಷ್ಟು ದಿನ ಹಾಕಿದ ನಾಲ್ಕು ಬರಹಗಳೂ ನೀವು ಹೊರಡುವ ಮುಂಚೆ ಬರೆದದ್ದು ಅಂತಲೂ ಹೇಳಿದೆ.

ಅಮ್ಮ ಅಂದರು: "ನಿನ್ನನ್ನ ಬೈಯೋದು ಆಮೇಲೆ. ಆಫೀಸಿನ ನಂಬರ್ ಹೇಳ್ತೀನಿ, ಬರ್ಕೋ. ನೀನೇ ಹೇಳು. ನನಗೆ ಬಾಯಿ ಬರಲ್ಲ."

ಬಂದರಿನ ಗುಮಾಸ್ತರಿಗೆ ಅರ್ಥ ಮಾಡಿಸುವಷ್ಟರಲ್ಲಿ ಸಾಕಾಯಿತು. "ಅವರು ಕೊನೇ ಸಲ ಮಾತಾಡಿದ್ದು ಯಾವಾಗ?"

"ಹೊರಟ ದಿನ."

"ಮೊನ್ನೆ ಉತ್ತರ ಕೊಟ್ಟಿದಾರಲ್ರೀ, ನನ್ನ ಕಣ್ಣೆದುರೇ ಇದೆ."

"ಅದು ನಾನು, ಸಾರ್."

"ಬಿರುಗಾಳಿ ದಿನ ನೀವೆಲ್ಲಿದ್ರಿ?"

"ಅಂಗಡೀಲಿ."

ಅವರು ಬೈಯಲಿಲ್ಲ. ಫೋನ್ ಪಕ್ಕಕ್ಕಿಟ್ಟು ಯಾರನ್ನೋ ಜೋರಾಗಿ ಕೂಗಿದ್ದು ಕೇಳಿಸಿತು.

ಹನ್ನೊಂದು ಗಂಟೆಗೆ ಎರಡು ದೋಣಿ ಹೊರಟವು. ಈಗ ಸಂಜೆ ನಾಲ್ಕು ಗಂಟೆ. ನೀವು ಹೊರಟ ದಿನದ ಫೋಟೊ ಕೇಳಿದ್ದರು, ಕಳಿಸಿದೆ. ಹಾಯಿಯ ಮೂಲೆಯ ನೀಲಿ ತೇಪೆ ಗುರುತಿಗೆ ಒಳ್ಳೆಯದು ಅಂದರು. ಆ ತೇಪೆ ಹಾಕುವಾಗ ಸೂಜಿ ಚುಚ್ಚಿಕೊಂಡು ನೀವು ಅರ್ಧ ಪುಟ ಬೈದು ಬರೆದದ್ದು ನೆನಪಾಯಿತು. ಅಮ್ಮ ಅರ್ಧ ಗಂಟೆಗೊಮ್ಮೆ ಫೋನ್ ಮಾಡುತ್ತಾರೆ. "ಏನೂ ಇಲ್ಲ ಅಲ್ವಾ? ಸರಿ, ಇಡ್ತೀನಿ." ಅಷ್ಟೇ.

ಸೈಟಿನಲ್ಲಿ ನಾಲ್ಕು ಬರಹಗಳ ತಲೆಯ ಮೇಲೂ 'ಇದು ಹೊರಡುವ ಮುಂಚೆ ಬರೆದದ್ದು' ಅಂತ ಹಾಕಿದ್ದೇನೆ. ನಿಮ್ಮ ಹೆಸರಿನಲ್ಲಿದ್ದ ನನ್ನ ಉತ್ತರವನ್ನು ಅಳಿಸಿಲ್ಲ, ಪಕ್ಕದಲ್ಲಿ ನನ್ನ ಹೆಸರು ಬರೆದಿದ್ದೇನೆ. ಜನ ಬೈಯುತ್ತಿದ್ದಾರೆ. ಬೈಯಲಿ. ಮೀನುಗಾರ ತಾತ ಮಾತ್ರ, "ಗಾಳಿ ಯಾವ ಕಡೆ ಬೀಸ್ತಿತ್ತು ಅಂತ ಆಫೀಸಿನವರಿಗೆ ನಾನು ಹೇಳ್ತೀನಿ, ನಂಬರ್ ಕೊಡು ಮಗ" ಅಂದರು. ಕೊಟ್ಟೆ.

ಐದನೇ ಬರಹ ಹಾಗೇ ಇದೆ, ಅಕ್ಕ. ಒಂದು ಅಕ್ಷರ ಮುಟ್ಟಿಲ್ಲ. ದಡ ಸೇರಿದೆ ಅನ್ನುವುದನ್ನು ನಿಮ್ಮ ಪರವಾಗಿ ನಾನು ಹೇಳಲಾರೆ. ನೀವೇ ಬನ್ನಿ. ಒದ್ದೆ ಕೈಯಲ್ಲೇ ಆ ಬಟನ್ ಒತ್ತಿ. ಆಮೇಲೆ ಪಾಸ್‌ವರ್ಡ್ ಬದಲಾಯಿಸಿಬಿಡಿ, ನಾನು ಕೇಳುವುದಿಲ್ಲ.

ಅಲ್ಲಿಯವರೆಗೆ ಬೋರ್ಡಿನ ಹಗ್ಗ ಕಾಲಿಗೇ ಇರಲಿ. ಕುಡಿಯುವ ನೀರು ಉಳಿದಿರಲಿ. ನೀಲಿ ತೇಪೆ ಯಾರ ಕಣ್ಣಿಗಾದರೂ ಬೀಳಲಿ.

ಫೋನ್ ಕೈಯಲ್ಲೇ ಹಿಡಿದು ಕೂತಿರುವ,
ನಿಮ್ಮ ಉಪ್ಪುಮೂಗ