ಶಾಂಭವಿಯ ರೆಕಾರ್ಡ್ ಪ್ಲೇಯರ್

ಗುರುವಾರ, ೮ ಆಗಸ್ಟ್ ೨೦೨೪

ನಾಚಿಕೆಯಿಂದ ಊಟ ಸೇರಲಿಲ್ಲ.

ಹೋದ ವಾರ ಗೋಪನಕೊಪ್ಪದ ರಿಪೇರಿ ಅಂಗಡಿಯ ಮಹಾದೇವಪ್ಪ ರೆಕಾರ್ಡ್ ಪ್ಲೇಯರ್ ನೋಡಿ, "ಬೆಲ್ಟ್ ಅಷ್ಟ ಹೋಗೇತ್ರಿ, ಹಾಕಿ ಕೊಡ್ತೇನಿ" ಎಂದಿದ್ದ. ನನಗೆ ಹೊಸದರ ಆಸೆ. ಮನೆಗೆ ಬಂದು ಹೆಂಡತಿ ಶಾಂಭವಿಗೆ, "ಅದು ರಿಪೇರಿ ಆಗೂದಿಲ್ಲಂತ, ಹೊಸಾದು ತರೂಣು" ಎಂದುಬಿಟ್ಟೆ. ಆ ಅಗ್ಗದ ಪ್ಲೇಯರನ್ನು ಅವಳು ತನ್ನ ಮೊದಲ ಸಂಬಳದಲ್ಲಿ ಕೊಂಡಿದ್ದಳು.

ಇವತ್ತು ಅವಳೇ ಹೋಗಿ ರಿಪೇರಿ ಮಾಡಿಸಿಕೊಂಡು ಬಂದಳು. ಸಿಟ್ಟಾಗುತ್ತಾಳೆಂದು ಕಾದೆ. ಆಗಲಿಲ್ಲ. "ಬೆಲ್ಟಿನ ವಿಷಯ ನಿಮಗ ಹೇಳಿದ್ನಂತ ಮಹಾದೇವಪ್ಪ. ನಮ್ಮನಿಯವರಿಗೆ ಕಿವಿ ಸ್ವಲ್ಪ ಮಂದ, ತಪ್ಪು ಕೇಳಿಸ್ಕೊಂಡಾರ ಅಂತ ಹೇಳಿ ಬಂದೆ" ಎಂದಳು, ಚಹಾ ಸೋಸುತ್ತ.

ನನ್ನ ಕಿವಿ ನೆಟ್ಟಗಿವೆ. ಅದು ಅವಳಿಗೂ ಗೊತ್ತು.

ಈಗ ಪಕ್ಕದ ಕೋಣೆಯಲ್ಲಿ ಹಾಡು ಹಚ್ಚಿದ್ದಾಳೆ. "ಕೇಳಸಾಕತ್ತೇತೇನ್ರಿ?" ಎಂದು ಮೆಲ್ಲಗೆ ಕೇಳುತ್ತಿದ್ದಾಳೆ.